ಸೇವಾ ಪ್ರವಾಸ: ಮಕ್ಕಳ ಜೊತೆ ಆಟಕ್ಕಲ್ಲ, ಅವರನ್ನು ಸಾಕುವವರ ನೆರವಿಗೆ ಹೋಗಿ

ಮಾನ್ಯ ಸಂಪಾದಕರೇ,

ಶಿವಮೊಗ್ಗ, ಭದ್ರಾವತಿ, ಸಾಗರ, ತೀರ್ಥಹಳ್ಳಿ ಕಡೆಯ ಚರ್ಚ್‌ಗಳ ಯುವಜನ ಸಂಘಗಳಲ್ಲಿ ಹೊರದೇಶದ ಸೇವಾ ಪ್ರವಾಸದ ಮಾತು ಬಂದರೆ ಮೊದಲು ಬಾಯಿಗೆ ಬರುವ ಹೆಸರು ನೇಪಾಳ. ವೀಸಾ ಬೇಡ, ಖರ್ಚು ಕಡಿಮೆ, ಹಿಂದಿ ಬಂದರೆ ಸಾಕೆಂಬ ಧೈರ್ಯ. ಮಾನವ ಸಾಗಣೆಯಿಂದ ಪಾರಾದ ಹೆಣ್ಣುಮಕ್ಕಳ ಆಸರೆಮನೆ ಒಂದು, ಅನಾಥಾಲಯ ಒಂದು, ಈ ಎರಡು ಕಾರ್ಯಕ್ರಮದ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಇಂಥ ತಂಡಗಳಿಗೆ ತರಬೇತಿ ಕೊಡುವ ನಾವು ಪೋಷಕರಿಗೂ ಫಾದರ್‌ಗಳಿಗೂ ಸಭಾಪಾಲಕರಿಗೂ ಹೊರಡಲು ಉತ್ಸುಕರಾಗಿರುವ ವಿದ್ಯಾರ್ಥಿಗಳಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇವೆ. ಹೋಗಬೇಡಿ ಎನ್ನಲು ಅಲ್ಲ. ಆದರೆ ಹತ್ತು ದಿನ ಮಕ್ಕಳನ್ನು ಎತ್ತಿ ಆಡಿಸಿ, ಫೋಟೊ ತೆಗೆದು ಬರುವ ಪ್ರವಾಸ ನಿಲ್ಲಲೇಬೇಕು. ವರ್ಷವಿಡೀ ಆ ಮಕ್ಕಳ, ಆ ಹೆಂಗಸರ ಹೊಣೆ ಹೊತ್ತವರ ಕೆಲಸ ಹಗುರ ಮಾಡಲು ಹೋಗುವುದಾದರೆ ಮಾತ್ರ ಟಿಕೆಟ್ ತೆಗೆಯಿರಿ.

ಮೊದಲು ಮಕ್ಕಳ ವಿಚಾರ. ನೇಪಾಳದ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಶೇ 85ರಷ್ಟು ಮಂದಿಗೆ ಅಪ್ಪ ಅಥವಾ ಅಮ್ಮ, ಒಬ್ಬರಾದರೂ ಬದುಕಿದ್ದಾರೆ ಎಂದು ಯುನಿಸೆಫ್ ಹೇಳಿದೆ. 1996ರಿಂದ 2006ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಗುಡ್ಡಗಾಡು ಜಿಲ್ಲೆಗಳ ತಂದೆತಾಯಿ, ಮಗು ಓದಲಿ, ಜೀವ ಉಳಿಸಿಕೊಳ್ಳಲಿ ಎಂದು ದಲ್ಲಾಳಿಗಳ ಕೈಗೆ ಸಾಲ ಮಾಡಿ ಹಣ ಕೊಟ್ಟು ಮಕ್ಕಳನ್ನು ಕಳಿಸಿದರು. ದಲ್ಲಾಳಿಗಳು ಕಠ್ಮಂಡುವಿಗೆ ತಂದು ಅನಾಥರೆಂದು ಕಾಗದ ಮಾಡಿಸಿದರು. ಇಂದಿಗೂ ಮಕ್ಕಳ ನಿಲಯಗಳು ದಟ್ಟವಾಗಿರುವುದು ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಲ್ಲ. ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್‌ಗಳಲ್ಲಿ, ಎಂದರೆ ಪ್ರವಾಸಿಗರು ಬರುವ ಕಡೆ. ನೋಡಲು ಜನ ಬರುತ್ತಾರೆ, ಬಂದವರು ಹಣ ಕೊಡುತ್ತಾರೆ, ಹಣ ಬರುತ್ತಿರಬೇಕಾದರೆ ಹಾಸಿಗೆಗಳು ತುಂಬಿರಬೇಕು. 2015ರ ಏಪ್ರಿಲ್ 25ರ ಭೂಕಂಪದ ನಂತರ ತಂದೆತಾಯಿ ಜೊತೆಗಿಲ್ಲದ ಮಕ್ಕಳನ್ನು ಜಿಲ್ಲೆಯಿಂದ ಜಿಲ್ಲೆಗೆ ಸಾಗಿಸುವುದನ್ನು ನೇಪಾಳ ಸರ್ಕಾರ ನಿರ್ಬಂಧಿಸಿದ್ದು, ಹೊಸ ನಿಲಯಗಳ ನೋಂದಣಿ ತಡೆದಿದ್ದು ಈ ಕಾರಣಕ್ಕೆ. ಆಸ್ಟ್ರೇಲಿಯಾ 2018ರಲ್ಲೇ ಅನಾಥಾಲಯಕ್ಕಾಗಿ ಮಕ್ಕಳನ್ನು ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಗುರುತಿಸಿತು. ಭಕ್ತಿಯಿಂದ ಹಾಕಿದ ಕಾಣಿಕೆಯೂ ಆ ಹಾಸಿಗೆ ತುಂಬಿಸುವ ವ್ಯವಹಾರಕ್ಕೆ ಸೇರಿಬಿಡಬಹುದು ಎಂಬುದು ದಾನ ಕೊಡುವ ನಮ್ಮ ಜನರಿಗೆ ಗೊತ್ತಿರಬೇಕು.

ಒಳ್ಳೆಯ ನಿಲಯಗಳೂ ಇವೆ, ಅಲ್ಲಗಳೆಯುವುದಿಲ್ಲ. ಅಲ್ಲಿಗೂ ಹತ್ತು ದಿನದ ಅತಿಥಿಗಳು ಮಕ್ಕಳ ಬಳಿ ಏಕೆ ಹೋಗಬಾರದು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಹೊಸ ನೆಂಟರು ಬಂದರೆ ಮೂರು ವರ್ಷದ ಮಗು ಏನು ಮಾಡುತ್ತದೆ, ನೆನಪಿಸಿಕೊಳ್ಳಿ. ಅಮ್ಮನ ಸೆರಗಿನ ಹಿಂದೆ ಸೇರಿಕೊಳ್ಳುತ್ತದೆ, ಅಲ್ಲಿಂದಲೇ ಇಣುಕುತ್ತದೆ, ಅರ್ಧ ಗಂಟೆ ಕಳೆದ ಮೇಲೆ ಹತ್ತಿರ ಬರುತ್ತದೆ. ಅದು ಆರೋಗ್ಯವಂತ ಮನಸ್ಸಿನ ಲಕ್ಷಣ. ನಿಲಯದ ಗೇಟು ತೆರೆಯುತ್ತಿದ್ದಂತೆ ಓಡಿಬಂದು, ಹೆಸರೂ ಕೇಳದೆ ಅಪರಿಚಿತರ ಕೈ ಹಿಡಿದು ಜೋತುಬೀಳುವ ಮಗು ಬೇರೆಯದನ್ನೇ ಹೇಳುತ್ತಿರುತ್ತದೆ. ಅದರ ಪಾಲಿಗೆ ದೊಡ್ಡವರು ಬರುವವರು, ಹೋಗುವವರು. ನಮ್ಮ ವಿದ್ಯಾರ್ಥಿಗಳು ಅದನ್ನು ಪ್ರೀತಿ ಎಂದುಕೊಂಡು ಕರಗಿಹೋಗುತ್ತಾರೆ. ಹತ್ತನೇ ದಿನ ‘ಮತ್ತೆ ಬರ್ತೀನಿ’ ಎಂದು ಅತ್ತು ಬಸ್ ಹತ್ತುತ್ತಾರೆ. ಬಸ್ ಹೋದ ಮೇಲೆ ಊಟ ಬಿಟ್ಟು ಕೂರುವ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳನ್ನು ಸಂಭಾಳಿಸಬೇಕಾದವರು ಅಲ್ಲಿನ ಆಯಾಗಳು. ಮುಂದಿನ ತಿಂಗಳು ಇನ್ನೊಂದು ತಂಡ. ಹೀಗೆ ಬಿಟ್ಟುಹೋಗುವುದನ್ನೇ ನಾವು ಕಂತು ಕಂತಾಗಿ ಕಲಿಸುತ್ತಿರುತ್ತೇವೆ.

ಆದ್ದರಿಂದ ಆಹ್ವಾನಿಸುವ ಸಂಸ್ಥೆಯನ್ನು ಪರೀಕ್ಷಿಸಿ ಒಪ್ಪಿಕೊಳ್ಳಿ. ನೋಂದಣಿ ಪತ್ರ, ನವೀಕರಣದ ದಿನಾಂಕ ಕೇಳಿ. ಕಳೆದ ವರ್ಷ ಎಷ್ಟು ಮಕ್ಕಳನ್ನು ಸ್ವಂತ ಕುಟುಂಬಕ್ಕೆ ಮರಳಿಸಿದಿರಿ ಎಂದು ಕೇಳಿ. ಒಬ್ಬರನ್ನೂ ಇಲ್ಲ ಎಂದರೆ ಏಕೆಂದು ಕೇಳಿ. ರಾತ್ರಿ ಮಕ್ಕಳ ಜೊತೆ ಮಲಗುವ ಸಿಬ್ಬಂದಿ ಯಾರು, ಎಷ್ಟು ಮಕ್ಕಳಿಗೆ ಒಬ್ಬರು? ಅತಿಥಿಗಳಿಗೆ ಲಿಖಿತ ನಿಯಮ ಇದೆಯೇ? ‘ನೀವು ಯಾವಾಗ ಬೇಕಾದರೂ ಬನ್ನಿ, ಮಕ್ಕಳ ಜೊತೆಯೇ ಇರಿ’ ಎಂದು ಉತ್ತರ ಬಂದರೆ ಅಲ್ಲಿಗೆ ಹೋಗಲೇಬೇಡಿ. ನಿಮಗೆ ಸಲೀಸಾಗಿ ತೆರೆಯುವ ಬಾಗಿಲು ಕೆಟ್ಟವರಿಗೂ ಅಷ್ಟೇ ಸಲೀಸಾಗಿ ತೆರೆಯುತ್ತದೆ. ನಿಮ್ಮ ಗುರುತಿನ ಚೀಟಿ, ಪೊಲೀಸ್ ಪರಿಶೀಲನಾ ಪತ್ರ, ಇಬ್ಬರ ಶಿಫಾರಸು ಕೇಳಿ ಸತಾಯಿಸುವ ಸಂಸ್ಥೆಯೇ ಒಳ್ಳೆಯದು. ಪೊಲೀಸ್ ಪರಿಶೀಲನೆಗೆ ನಮ್ಮಲ್ಲಿ ಸೇವಾಸಿಂಧು ಮೂಲಕ ಅರ್ಜಿ ಹಾಕಬಹುದು.

ಇನ್ನು ಸಮಯ. ದಸರಾ ರಜೆಯಲ್ಲಿ ಹೋಗುವುದು ಸುಲಭವೆಂದು ಎಲ್ಲರೂ ಅದನ್ನೇ ಆರಿಸುತ್ತಾರೆ. ಅದೇ ದೊಡ್ಡ ತಪ್ಪು. ನಮ್ಮ ದಸರಾ ಹೊತ್ತಿಗೇ ಅವರ ದಶೈಂ, ನೇಪಾಳದ ಅತಿ ದೊಡ್ಡ ಹಬ್ಬ, ಹದಿನೈದು ದಿನ. ಕಚೇರಿಗಳು ಮುಚ್ಚಿರುತ್ತವೆ, ಸಿಬ್ಬಂದಿ ಊರಿಗೆ ಹೊರಟಿರುತ್ತಾರೆ, ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ನಿಲಯಗಳು ಮಕ್ಕಳನ್ನು ಬಂಧುಗಳ ಮನೆಗೆ ಕಳಿಸಿ ಸಂಬಂಧ ಗಟ್ಟಿ ಮಾಡುವುದು ಇದೇ ಹಬ್ಬದಲ್ಲಿ. ಅತಿಥಿ ತಂಡ ಬರುತ್ತದೆಂದು ಮಕ್ಕಳನ್ನು ಹಬ್ಬಕ್ಕೆ ಕಳಿಸದೆ ಉಳಿಸಿಕೊಂಡರೆ ಅದಕ್ಕಿಂತ ಅನ್ಯಾಯವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಆಗುಂಬೆ ಘಾಟಿ ಕಂಡವರಿಗೆ ಗುಡ್ಡ ಜರಿಯುವುದು ಹೊಸದಲ್ಲ, ಆದರೆ ಕಠ್ಮಂಡುವಿಗೆ ಹೋಗುವ ದಾರಿ ತ್ರಿಶೂಲಿ ನದಿಯ ಅಂಚಿನಲ್ಲೇ ಸಾಗುತ್ತದೆ. 2024ರ ಜುಲೈ 12ರಂದು ಗುಡ್ಡ ಜರಿದು ಎರಡು ಬಸ್‌ಗಳು ಅದೇ ನದಿಗೆ ಕೊಚ್ಚಿಹೋದವು. ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ ಸರಿಯಾದ ಕಾಲ. ಅಡಿಕೆ ಕೊಯ್ಲಿನ ದಿನಗಳು ಅವು, ತೀರ್ಥಹಳ್ಳಿ, ಹೊಸನಗರ ಕಡೆಯ ಮಕ್ಕಳಿಗೆ ಮನೆಯಲ್ಲಿ ಒಪ್ಪಿಗೆ ಸಿಗುವುದು ಕಷ್ಟ. ಜೂನ್‌ನಲ್ಲೇ ಮನೆಯವರ ಜೊತೆ ಮಾತಾಡಿಕೊಳ್ಳುವುದೊಂದೇ ದಾರಿ.

ದಾಖಲೆ ವಿಚಾರ ಚುಟುಕಾಗಿ. ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. ಹದಿನೆಂಟು ತುಂಬಿದ ಎಷ್ಟೋ ವಿದ್ಯಾರ್ಥಿಗಳ ಬಳಿ ಇವೆರಡೂ ಇರುವುದಿಲ್ಲ. ಹದಿನೆಂಟು ತುಂಬದವರನ್ನು ಈ ಬಗೆಯ ಸೇವೆಗೆ ಕರೆದೊಯ್ಯಲೇಬಾರದು. ಭಾರತದ 1 ರೂಪಾಯಿಗೆ ನೇಪಾಳದ 1.60 ರೂಪಾಯಿ, ಇದು ನಿಗದಿತ ದರ. ಗಡಿಯಲ್ಲಿ ಕಡಿಮೆ ಕೊಟ್ಟರೆ ತೆಗೆದುಕೊಳ್ಳಬೇಡಿ. ವಾರದ ರಜೆ ಶನಿವಾರ, ಅಲ್ಲಿನ ಬಹುತೇಕ ಕ್ರೈಸ್ತ ಸಭೆಗಳು ಆರಾಧನೆಗೆ ಸೇರುವುದೂ ಶನಿವಾರವೇ. ಭಾನುವಾರಕ್ಕೆ ಹಾಡು ಅಭ್ಯಾಸ ಮಾಡಿಕೊಂಡು ಹೋದವರು ಖಾಲಿ ಚರ್ಚ್ ನೋಡಿ ಬರಬೇಕಾಗುತ್ತದೆ. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ, ನಮ್ಮ ಕೊಡಚಾದ್ರಿಗಿಂತ ಸ್ವಲ್ಪವೇ ಹೆಚ್ಚು. ಎತ್ತರದ ಕಾಯಿಲೆಯ ಭಯ ಬೇಡ, ರಾತ್ರಿ ಚಳಿಗೆ ಕಂಬಳಿ ಬೇಕು. ಟೈಫಾಯ್ಡ್ ಲಸಿಕೆ ಹೊರಡುವ ಎರಡು ವಾರ ಮೊದಲೇ ಹಾಕಿಸಿಕೊಳ್ಳಿ. ಮಲೆನಾಡಿನವರು ಗಮನಿಸಬೇಕಾದ ಇನ್ನೊಂದಿದೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಜ್ವರವಾಗಿ ಕಾಣಿಸಿಕೊಳ್ಳುತ್ತದೆ. ಹೊರಡುವ ವಾರ ತೋಟಕ್ಕೋ ದರಕಿಗೋ (ಕಾಡಿನ ಒಣ ಎಲೆ ತರಲೋ) ಹೋದ ವಿದ್ಯಾರ್ಥಿಗೆ ಕಠ್ಮಂಡುವಿನಲ್ಲಿ ಜ್ವರ ಬಂದರೆ ಅಲ್ಲಿನ ವೈದ್ಯರಿಗೆ ಆ ಕಾಯಿಲೆಯ ಯೋಚನೆಯೇ ಬಾರದು. ಯಾವ ಪ್ರದೇಶದಿಂದ ಬಂದವರು, ಇಲ್ಲಿ ಯಾವ ಕಾಯಿಲೆ ಇದೆ ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ಒಳಗಿರಲಿ.

ಕಾನೂನಿನ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನೇಪಾಳದ 2015ರ ಸಂವಿಧಾನ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2017ರಲ್ಲಿ ಅಂಗೀಕಾರವಾಗಿ 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ದಂಡ ಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಸೆರೆವಾಸ, 50,000 ನೇಪಾಳಿ ರೂಪಾಯಿವರೆಗೆ ದಂಡ. ಅಪರಾಧಿ ಪರದೇಶದವರಾದರೆ ಶಿಕ್ಷೆ ಮುಗಿದ 7 ದಿನದೊಳಗೆ ಗಡೀಪಾರು. ಚೀಲದಲ್ಲಿ ಕರಪತ್ರ ಒಯ್ಯಬೇಡಿ. ತೊಂದರೆಗೆ ಸಿಕ್ಕುವುದು ನೀವೊಬ್ಬರೇ ಅಲ್ಲ, ನಿಮ್ಮನ್ನು ಕರೆಸಿಕೊಂಡ ಸ್ಥಳೀಯ ಸಭೆಯೂ ಹೌದು. ಕಾನೂನು ಇಲ್ಲದಿದ್ದರೂ ನಾವು ಇದನ್ನೇ ಹೇಳುತ್ತಿದ್ದೆವು. ಅನ್ನ, ಸೂರು ಎರಡಕ್ಕೂ ಒಂದು ಸಂಸ್ಥೆಯನ್ನೇ ನಂಬಿರುವ ಹೆಂಗಸು, ಪ್ರಾರ್ಥನೆಗೆ ಬರುತ್ತೀರಾ ಎಂದರೆ ಒಲ್ಲೆ ಎನ್ನಲಾರಳು. ಆಕೆ ಮಂಡಿಯೂರಿದ್ದನ್ನು ವಿಶ್ವಾಸ ಎಂದು ಎಣಿಸಿಕೊಳ್ಳಲು ನಮಗೆ ಹಕ್ಕಿಲ್ಲ. ದಿಕ್ಕಿಲ್ಲದವರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ವಿಚಾರಿಸಿಕೊಳ್ಳಿ ಎಂದ ಬೈಬಲಿನ ಯಾಕೋಬನ ಪತ್ರ, ಅದಕ್ಕೆ ಪ್ರತಿಯಾಗಿ ಅವರಿಂದ ಏನನ್ನಾದರೂ ಪಡೆಯಿರಿ ಎಂದು ಹೇಳಿಲ್ಲ.

ಆಸರೆಮನೆಯ ಹೆಂಗಸರ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. ಅನುರಾಧಾ ಕೊಯಿರಾಲಾ ಅವರು 1993ರಲ್ಲಿ ಮೈತಿ ನೇಪಾಳ್ ಕಟ್ಟಿದಾಗಿನಿಂದ ಗಡಿಯಲ್ಲಿ ಹೆಣ್ಣುಮಕ್ಕಳನ್ನು ತಡೆದು ಉಳಿಸುವ ಕೆಲಸ ಜಗತ್ತಿಗೆ ಗೊತ್ತಾಗಿದೆ. 2017ರಲ್ಲಿ ನಮ್ಮ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ‘ಮೈತಿ’ ಎಂದರೆ ತವರು. ಆ ಹೆಣ್ಣುಮಕ್ಕಳಲ್ಲಿ ಅನೇಕರು ಮಾರಾಟವಾದದ್ದು ನಮ್ಮ ದೇಶದ ನಗರಗಳಿಗೆ. ಹಿಂದಿ ಅವರಿಗೆ ಬರುತ್ತದೆ, ಆದರೆ ಅದು ತಮ್ಮನ್ನು ಕೂಡಿಹಾಕಿದ ಕೋಣೆಗಳಲ್ಲಿ ಹೊಡೆತ ತಿಂದು ಕಲಿತ ಭಾಷೆ ಆಗಿರಬಹುದು. ನಮ್ಮವರು ಸ್ನೇಹದಿಂದ ಹಿಂದಿಯಲ್ಲಿ ಮಾತಿಗೆಳೆದಾಗ ಎದುರಿನವರು ತಟ್ಟನೆ ಮೌನವಾದರೆ ಅದಕ್ಕೆ ಕಾರಣ ಇರುತ್ತದೆ. ಹೊರಡುವ ಮೊದಲು ಐವತ್ತು ನೇಪಾಳಿ ಮಾತು ಕಲಿಯಿರಿ. ದೊಡ್ಡವರನ್ನು ‘ದಿದಿ’, ಚಿಕ್ಕವರನ್ನು ‘ಬಹಿನಿ’ ಎನ್ನಿ. ಹೆಂಗಸರ ಆಸರೆಮನೆಯೊಳಗೆ ಗಂಡುಹುಡುಗರು ಕಾಲಿಡುವುದು ಬೇಡ. ಅವರಿಗೆ ಹೊರಗೆ ದುರಸ್ತಿ, ಸಾಮಾನು ಸಾಗಾಟ, ಲೆಕ್ಕಪತ್ರದ ಕೆಲಸ ಬೇಕಾದಷ್ಟಿರುತ್ತದೆ. ‘ನಿಮ್ಮ ಕಥೆ ಹೇಳಿ’ ಎಂದು ಯಾರೂ ಕೇಳಬಾರದು. ಅವರಾಗಿ ಹೇಳಿದರೆ ಕೇಳಿ, ಅಲ್ಲಿಯೇ ಬಿಟ್ಟು ಬನ್ನಿ. ಶಿವಮೊಗ್ಗದ ಚರ್ಚ್‌ನಲ್ಲಿ ಸಾಕ್ಷಿ ಹೇಳುವಾಗ ಅದನ್ನು ಬಳಸಬೇಡಿ. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇವೆ: ‘ಒಬ್ಬ ಹುಡುಗಿಯನ್ನು ಓದಿಸಲು ನಮ್ಮೂರಿಗೆ ಕರೆತರುತ್ತೇವೆ’ ಎಂಬ ಯೋಚನೆ ಎಷ್ಟೇ ಒಳ್ಳೆಯದಿದ್ದರೂ ತಲೆಯಿಂದ ತೆಗೆದುಹಾಕಿ. ಸಾಗಣೆಯ ದಲ್ಲಾಳಿಗಳು ಆಡುವುದೂ ಅಕ್ಷರಶಃ ಇದೇ ಮಾತು.

ಹಾಗಾದರೆ ಅಲ್ಲಿ ಮಾಡುವುದೇನು? ಒಂದು ಉದಾಹರಣೆ ಬಿಡಿಸಿ ಹೇಳುತ್ತೇವೆ. ಬಹಳಷ್ಟು ಆಸರೆಮನೆಗಳಲ್ಲಿ ದಾನವಾಗಿ ಬಂದ ಹೊಲಿಗೆ ಯಂತ್ರಗಳು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತವೆ. ಹತ್ತಕ್ಕೆ ನಾಲ್ಕು ನಡೆದರೆ ಹೆಚ್ಚು. ಹೊಸ ಯಂತ್ರ ಕೊಡಿಸಲು ಎಲ್ಲರೂ ಮುಂದೆ, ಹಳೆಯದನ್ನು ರಿಪೇರಿ ಮಾಡಿಸುವವರಿಲ್ಲ. ಹೊರಡುವ ಎರಡು ತಿಂಗಳು ಮೊದಲು ಯಾವ ಕಂಪನಿ, ಯಾವ ಮಾದರಿ ಎಂದು ಫೋಟೊ ತರಿಸಿಕೊಳ್ಳಿ, ಏಕೆಂದರೆ ಬಾಬಿನ್ ಕೇಸ್ (ಅಡಿಯ ದಾರ ಸುತ್ತಿದ ಬಾಬಿನ್ ಕೂರುವ ಪುಟ್ಟ ಡಬ್ಬಿ) ಒಂದಕ್ಕೆ ಕೂರುವುದು ಇನ್ನೊಂದಕ್ಕೆ ಕೂರುವುದಿಲ್ಲ. ಹತ್ತು ಯಂತ್ರಕ್ಕೆ ಐದು ಬಾಬಿನ್ ಕೇಸ್, ಐವತ್ತು ಬಾಬಿನ್, 14 ಮತ್ತು 16ನೇ ನಂಬರಿನ ಸೂಜಿ ಹತ್ತು ಹತ್ತು ಪೊಟ್ಟಣ, ಕೊಂಡಿ ಸಮೇತ ನಾಲ್ಕು ಚರ್ಮದ ಬೆಲ್ಟು, ಎರಡು ಅಳತೆಯ ಸ್ಕ್ರೂಡ್ರೈವರ್, ಗಟ್ಟಿ ಕೂದಲಿನ ಸಣ್ಣ ಬ್ರಷ್. ಎಣ್ಣೆಯನ್ನು ಅಲ್ಲೇ ಕೊಳ್ಳಿ, ವಿಮಾನದಲ್ಲಿ ರಗಳೆ. ಊರಿನಲ್ಲೇ ಒಬ್ಬ ಮೆಕ್ಯಾನಿಕ್ ಬಳಿ ನಾಲ್ಕು ಭಾನುವಾರ ಕಲಿತರೆ ಈ ಕೆಲಸಕ್ಕೆ ಸಾಕು.

ಯಂತ್ರ ಕೆಟ್ಟಿದೆ ಎಂದು ಬದಿಗಿಟ್ಟವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಇಷ್ಟೇ. ಸೂಜಿಯ ಕೆಳಗೆ ಬಟ್ಟೆ ಎಳೆಯುವ ಹಲ್ಲಿನ ಮೇಲಿನ ತಗಡು ಬಿಚ್ಚಿದರೆ ನಡುವೆ ದಾರದ ಜೂಲು ಗಟ್ಟಿಯಾಗಿ ಕೂತಿರುತ್ತದೆ, ಅದನ್ನು ಕೆರೆದು ತೆಗೆಯಬೇಕು. ಎಣ್ಣೆ ತೂತು ಒಂದೊಂದಕ್ಕೂ ಒಂದು ಹನಿ, ಎರಡು ನಿಮಿಷ ಖಾಲಿ ತುಳಿತ, ಆಮೇಲೆ ಚಿಂದಿ ಬಟ್ಟೆಯ ಮೇಲೆ ಹೊಲಿಗೆ, ಎಣ್ಣೆ ಕಲೆ ಹೋಗುವವರೆಗೆ. ಬೆಲ್ಟು ಸಡಿಲವಾಗಿದ್ದರೆ ಒಂದು ಸೆಂಟಿಮೀಟರ್ ಕತ್ತರಿಸಿ ಮತ್ತೆ ಕೊಂಡಿ ಹಾಕಿ. ಹೆಚ್ಚು ಕತ್ತರಿಸಿದರೆ ತುಳಿಯಲು ಭಾರ. ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುತ್ತಿದ್ದರೆ ಎಲ್ಲರೂ ಬಾಬಿನ್ ಕೇಸಿನ ತಿರುಪು ತಿರುಗಿಸಿ ಇನ್ನಷ್ಟು ಕೆಡಿಸುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು: ದಾರವನ್ನು ಬಿಗಿಹಿಡಿಯುವ ತಟ್ಟೆಗಳ ನಡುವೆ ಅದು ಕೂತಿರುವುದಿಲ್ಲ. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಸೂಜಿ ತಿರುಗುಮುರುಗಾಗಿರಬಹುದು. ದಾರ ಒಳಹೋಗುವ ಬದಿಗೆ ಸೂಜಿಯ ಉದ್ದ ಗೀರು ಇರಬೇಕು, ಚಪ್ಪಟೆ ಬದಿ ಅದರ ಎದುರಿಗೆ. ಈ ಎಲ್ಲ ಕೆಲಸ ನಡೆಯುವಾಗ ಸ್ಕ್ರೂಡ್ರೈವರ್ ಆ ಮನೆಯ ಹೆಂಗಸಿನ ಕೈಯಲ್ಲಿರಬೇಕು. ವಿದ್ಯಾರ್ಥಿನಿಯ ಎರಡೂ ಕೈ ಬೆನ್ನ ಹಿಂದೆ, ಬಾಯಿ ಮಾತ್ರ ಕೆಲಸ ಮಾಡಲಿ. ಮೊದಲ ಯಂತ್ರಕ್ಕೆ ಅರ್ಧ ದಿನ ಹಿಡಿಯುತ್ತದೆ, ಐದನೆಯದನ್ನು ಆಕೆ ಒಬ್ಬಳೇ ಮುಗಿಸುತ್ತಾಳೆ. ಅಂಥ ಇಬ್ಬರು ತಯಾರಾದರೆ ಆ ಮನೆಗೆ ಮತ್ತೆ ಹೊರಗಿನ ಮೆಕ್ಯಾನಿಕ್ ಬೇಕಿಲ್ಲ, ಅಕ್ಕಪಕ್ಕದವರ ಯಂತ್ರ ನೋಡಿ ಅವರು ನಾಲ್ಕು ಕಾಸು ದುಡಿಯಲೂಬಹುದು. ‘ನೀವು ಹೊಲಿದ ಚೀಲ ನಾವು ಶಿವಮೊಗ್ಗದಲ್ಲಿ ಮಾರಿಕೊಡುತ್ತೇವೆ’ ಎಂದು ಮಾತ್ರ ಭಾಷೆ ಕೊಡಬೇಡಿ. ಮೊದಲ ನಾಲ್ಕು ಡಜನ್ ಚರ್ಚ್‌ನವರೇ ಕೊಳ್ಳುತ್ತಾರೆ, ಐದನೆಯದಕ್ಕೆ ಗಿರಾಕಿ ಇರುವುದಿಲ್ಲ.

ಮಕ್ಕಳ ನಿಲಯದಲ್ಲೂ ಹೀಗೆಯೇ. ಅಡುಗೆಮನೆಗೆ ಸೇರಿ, ಕಂಬಳಿ ಒಗೆಯಿರಿ, ಔಷಧಿ ಡಬ್ಬದಲ್ಲಿ ಅವಧಿ ಮೀರಿದ್ದನ್ನು ಹೆಕ್ಕಿ ಪಟ್ಟಿ ಮಾಡಿ, ದಾಸ್ತಾನು ಪುಸ್ತಕ ಸರಿಪಡಿಸಿ, ಆಯಾಗಳಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಏರ್ಪಡಿಸಿ. ರಾತ್ರಿ ಪಾಳಿಯ ಆಯಾ ಹಗಲು ನಾಲ್ಕು ಗಂಟೆ ನಿದ್ದೆ ಮಾಡಿದರೆ ಸಂಜೆ ಮಕ್ಕಳ ಮೇಲೆ ರೇಗುವುದಿಲ್ಲ. ಮಕ್ಕಳ ಜೊತೆ ಏನಾದರೂ ನಡೆಸಿ ಎಂದು ನಿಲಯವೇ ಕೇಳಿಕೊಂಡರೆ ತೆರೆದ ಅಂಗಳದಲ್ಲಿ, ಎಲ್ಲ ಮಕ್ಕಳಿಗೂ ಸೇರಿ, ಅಲ್ಲಿನ ಸಿಬ್ಬಂದಿ ಮುಂದೆ ನಿಂತು, ಮುಕ್ಕಾಲು ಗಂಟೆ. ಒಬ್ಬ ವಿದ್ಯಾರ್ಥಿ ಒಂದು ಮಗುವಿನ ಜೊತೆ ಮರೆಯಲ್ಲಿ ಇರುವ ಸಂದರ್ಭ ಬರಲೇಬಾರದು. ಚಾಕಲೇಟು, ಆಟಿಕೆ ಕೈಗೆ ಕೊಡಬೇಡಿ, ಉಸ್ತುವಾರಿಯವರಿಗೆ ಒಪ್ಪಿಸಿ. ಮೂವತ್ತು ಮಕ್ಕಳಿರುವಲ್ಲಿ ಇಪ್ಪತ್ತೆಂಟು ಬಣ್ಣದ ಪೆನ್ಸಿಲ್ ಡಬ್ಬ ಹಂಚಿದ ದಿನದ ಜಗಳ ವಾರಗಟ್ಟಲೆ ಉಳಿಯುತ್ತದೆ. ಯಾವುದಾದರೂ ಮಗು ಭಯಪಡುವಂಥ ಸಂಗತಿ ಕಣ್ಣಿಗೆ ಬಿದ್ದರೆ ತಂಡದ ನಾಯಕಿಗೆ ಅಂದೇ ಹೇಳಬೇಕು. ಮಕ್ಕಳ ಸಹಾಯವಾಣಿ ನಮ್ಮಲ್ಲಿರುವಂತೆ ನೇಪಾಳದಲ್ಲೂ 1098. ಮಹಿಳೆಯರಿಗೆ ಅಲ್ಲಿನ ಮಹಿಳಾ ಆಯೋಗದ ಸಂಖ್ಯೆ 1145.

ಫೋಟೊ ಬೇಡವೇ ಬೇಡ. ಮುಖ ಮಸುಕು ಮಾಡಿದ್ದೇವೆ ಎನ್ನುವವರು ಕಿಟಕಿಯಾಚೆ ಕಾಣುವ ಗುಡ್ಡ, ಶಾಲಾ ಸಮವಸ್ತ್ರದ ಬ್ಯಾಡ್ಜು, ಗೋಡೆಯ ಬೋರ್ಡು ಗಮನಿಸಿರುವುದಿಲ್ಲ. ಆಸರೆಮನೆಯ ವಿಳಾಸ ಗುಟ್ಟಾಗಿಡುವುದು ಮಾರಿದವರು ಹುಡುಕಿಕೊಂಡು ಬರಬಾರದೆಂದು. ಒಂದು ವಾಟ್ಸ್ಆ್ಯಪ್ ಸ್ಟೇಟಸ್ ಅದನ್ನು ಬಯಲು ಮಾಡಬಲ್ಲದು. ಫೋನಿನ ಲೊಕೇಶನ್ ಬಂದ್ ಮಾಡಿಸಿ, ಒಳಹೋಗುವಾಗ ಫೋನುಗಳನ್ನು ಒಂದು ಚೀಲದಲ್ಲಿ ಹಾಕಿ ಬಾಗಿಲಲ್ಲೇ ಬಿಡಿ. ನಮ್ಮ ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಇಂಥ ಮಕ್ಕಳ ಗುರುತು ಬಯಲು ಮಾಡುವುದನ್ನು ಶಿಕ್ಷಾರ್ಹವೆನ್ನುತ್ತದೆ. ನಮ್ಮ ಮಕ್ಕಳಿಗೆ ಒಂದು ನಿಯಮ, ಅವರ ಮಕ್ಕಳಿಗೆ ಇನ್ನೊಂದು ಇರಬಾರದು.

ಹಣದ ಲೆಕ್ಕ ಹೀಗೆ ಹಾಕಿ ನೋಡಿ. ಹದಿನಾಲ್ಕು ಜನ, ತಲಾ 28,000 ಎಂದಿಟ್ಟುಕೊಂಡರೆ 3,92,000 ರೂಪಾಯಿ. ಅದೇ ಆರು ಜನ ಹೋದರೆ 1,68,000. ಉಳಿಯುವ 2,24,000 ಎಂದರೆ 3,58,400 ನೇಪಾಳಿ ರೂಪಾಯಿ. ಒಬ್ಬ ಆಪ್ತಸಮಾಲೋಚಕಿಯ ಸಂಬಳ ಎಷ್ಟೆಂದು ಆ ಸಂಸ್ಥೆಯನ್ನೇ ಕೇಳಿ, ಈ ಹಣದಲ್ಲಿ ಎಷ್ಟು ತಿಂಗಳು ಬರುತ್ತದೆ ಎಂದು ನೀವೇ ಭಾಗಿಸಿ. ಹದಿನಾಲ್ಕು ಜನ ತಲಾ 50 ಲೀಟರ್ ಎಂದರೆ ದಿನಕ್ಕೆ 700 ಲೀಟರ್ ನೀರು. ಟ್ಯಾಂಕರ್ ನಂಬಿದ ಮನೆಗೆ ಅದೇ ಒಂದು ಭಾರ. ಆರು ಜನರಲ್ಲಿ ಇಬ್ಬರು ಅನುಭವಿ ಹಿರಿಯರಿರಲಿ. ಚರ್ಚ್ ಟ್ರಸ್ಟಿನ ಹಣ ಹೊರದೇಶಕ್ಕೆ ಕಳಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಲೇಬೇಕು, ಪೂರ್ವಾನುಮತಿ ಇಲ್ಲದೆ ದೇಶದ ಹೊರಗೆ ದಾನಕ್ಕೆ ಬಳಸಿದರೆ ಆದಾಯ ತೆರಿಗೆ ವಿನಾಯಿತಿಗೆ ಕುತ್ತು. ವಿದ್ಯಾರ್ಥಿಗಳ ಕೈಯಲ್ಲಿ ನಗದು ಕೊಟ್ಟು ಕಳಿಸುವ ರೂಢಿ ಬಿಡಿ.

ಹನ್ನೆರಡು ವಾರದ ತಯಾರಿ ಇಲ್ಲದವರನ್ನು ಕಳಿಸಬೇಡಿ, ಆ ತಯಾರಿ ಇಲ್ಲೇ ಆಗಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕರೆಸಿ ಪೋಕ್ಸೊ ಕಾಯ್ದೆಯ ಬಗ್ಗೆ ಒಂದು ದಿನ ಕೂರಿಸಿ. ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರ ಹೇಗೆ ಕೆಲಸ ಮಾಡುತ್ತದೆ, ಬಾಲಮಂದಿರಕ್ಕೆ ಹೊರಗಿನವರು ಹೋಗಬೇಕಾದರೆ ಯಾರ ಅನುಮತಿ ಬೇಕು ಎಂದು ವಿದ್ಯಾರ್ಥಿಗಳೇ ವಿಚಾರಿಸಿ ಬರೆದು ತರಲಿ. ಶಿವಮೊಗ್ಗದಲ್ಲಿ ಅನುಮತಿಗೆ ಮೂರು ಸಲ ಓಡಾಡಲು ಬೇಸರಪಡುವವರು ಕಠ್ಮಂಡುವಿನಲ್ಲಿ ನಿಯಮ ಪಾಲಿಸುವುದಿಲ್ಲ. ಹಾಗೆ ಅನ್ನಿಸಿದ ವಿದ್ಯಾರ್ಥಿಯನ್ನು, ಅವರ ಮನೆಯವರು ಚರ್ಚ್‌ಗೆ ಎಷ್ಟೇ ಬೇಕಾದವರಿರಲಿ, ಪಟ್ಟಿಯಿಂದ ಕೈಬಿಡಿ.

ನವೆಂಬರ್‌ಗೆ ಹೊರಡಬೇಕೆನ್ನುವವರು ಪಾಸ್‌ಪೋರ್ಟ್ ಅರ್ಜಿಯನ್ನು ಆಗಸ್ಟ್ ಮೊದಲ ವಾರದೊಳಗೆ ಹಾಕಬೇಕು. ಅದಕ್ಕೂ ಮೊದಲು ಅಲ್ಲಿನ ಸಂಸ್ಥೆಗೆ ಪತ್ರ ಬರೆಯಿರಿ. ನಾವು ಎಷ್ಟು ಜನ, ಯಾವ ದಿನ ಬರುತ್ತೇವೆ ಎಂಬುದು ಎರಡನೇ ಪತ್ರಕ್ಕಿರಲಿ, ಮೊದಲನೆಯದರಲ್ಲಿ ಈ ವರ್ಷ ನಿಮ್ಮಲ್ಲಿ ಯಾವ ಕೆಲಸಕ್ಕೆ ಕೈ ಸಾಲುತ್ತಿಲ್ಲ ಎಂದಷ್ಟೇ ಕೇಳಿ. ಜನ ಬೇಡ, ಬಾಬಿನ್ ಕೇಸ್ ಕಳಿಸಿಕೊಡಿ ಎಂದು ಉತ್ತರ ಬಂದರೆ, ಬಾಬಿನ್ ಕೇಸನ್ನೇ ಕಳಿಸಿ.

ಇಂತಿ,
ಯುವಜನ ಸೇವಾ ತಂಡಗಳ ತರಬೇತುದಾರರು,
ಶಿವಮೊಗ್ಗ